ಎರಡು ಬಾಗಿಲಿನ ಮೇಸ್ತ್ರಿ

ಹಾವು ಕಂಡರೂ ಹೆದರದ ನರ್ಸರಿ ಮೇಸ್ತ್ರಿಗೆ ಬಿಳಿನೊಣ ಕಂಡರೆ ಜೀವ ಬಾಯಿಗೆ ಬರುತ್ತದೆ. ರೋಗದ ಗಿಡದ ರಸ ಹೀರಿ ಬಂದ ನೊಣ ಟೊಮೆಟೊ ಸಸಿಯ ಮೇಲೆ ಕೂತರೆ ಸಾಕು, ಎಲೆ ಮುದುಡಿ ಮಡಿಯೇ ಹಾಳು. ಅದಕ್ಕೇ ಸಸಿಗಳ ಪರದೆಮನೆಗೆ ಎರಡು ಬಾಗಿಲು, "ಹಿಂದಿನದು ಹಾಕ್ರೀ, ಆಮೇಲೆ ಮುಂದಿನದು ತೆಗೀರಿ!" ಎಂದು ಮಾಲೀಕರನ್ನೂ ಗದರುತ್ತಾನೆ. ಹಳದಿ ಬಣ್ಣಕ್ಕೆ ನೊಣ ಮುತ್ತುತ್ತದೆಂದು, ಹಳದಿ ಉಟ್ಟು ಬಂದ ಸ್ವಂತ ಅತ್ತೆಯನ್ನೇ ಹೊರಗೆ ನಿಲ್ಲಿಸಿ ಮಾತಾಡಿಸಿದ ಭೂಪ. ಮುದುಡಿದ ಸಸಿಗೆ ಮದ್ದಿಲ್ಲ. ಕಂಡಲ್ಲೇ ಕಿತ್ತು ಸುಟ್ಟುಬಿಡುತ್ತಾನೆ. ಈಗ ಸೊಳ್ಳೆ ಕಚ್ಚಿ ಮಗಳಿಗೆ ಡೆಂಗ್ಯೂ. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಮತ್ತೆ ಮತ್ತೆ ಸಿಕ್ಕಿಸುತ್ತಿದ್ದವನನ್ನು ಅವಳು ಕೇಳಿದಳು: "ಅಪ್ಪಾ, ಸಸಿಗೆ ರೋಗ ಬಂದ್ರೆ ಏನ್ ಮಾಡ್ತೀಯ?" ಮೇಸ್ತ್ರಿ ಪರದೆಯ ಅಂಚು ಬಿಡಲಿಲ್ಲ. "ಪಕ್ಕದಲ್ಲೇ ಕೂತಿರ್ತೀನಿ ಕಣಮ್ಮಾ," ಅಂದ.