ಉಸಿರಪ್ಪನೂ ಓತಿಕ್ಯಾತನ ಮೊಟ್ಟೆಗಳೂ

ಅವನು ಬಾಯಿ ತೆರೆದು ‘ಹಾ’ ಎಂದನೆಂದರೆ ಬೀದಿಯ ಈ ತುದಿಯಿಂದ ಆ ತುದಿಯವರೆಗಿನ ಗಾಜುಗಳೆಲ್ಲ ಮಂಜು ಕವಿದು ಕುರುಡಾಗುತ್ತಿದ್ದವು. ಆಮೇಲೆ ಜೇಬಿನಿಂದ ಹಳದಿ ಬಟ್ಟೆ ತೆಗೆದು ಎರಡು ಸುತ್ತು ತಿರುಗಿಸಿದನೋ, ಸೂರ್ಯನೇ ಕೆಳಗಿಳಿದು ಬಂದು ಅಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡು ಹೋಗುತ್ತಿದ್ದ. ಹಿಂದಿನ ಕಾಲದ ವೀರರು ಆಗ್ನೇಯಾಸ್ತ್ರ, ವಾರುಣಾಸ್ತ್ರ ಅಂತ ಬತ್ತಳಿಕೆ ಹೊತ್ತು ಬೆನ್ನು ನೋಯಿಸಿಕೊಳ್ಳುತ್ತಿದ್ದರು. ನಮ್ಮ ನಾಯಕನಿಗೆ ಆ ತಾಪತ್ರಯವಿರಲಿಲ್ಲ. ಅವನ ಅಸ್ತ್ರ ಎದೆಗೂಡಿನಲ್ಲೇ ತಯಾರಾಗುತ್ತಿತ್ತು. ಮಧ್ಯಾಹ್ನದ ಮೇಲೆ ಅದರಲ್ಲಿ ಈರುಳ್ಳಿಯ ಅಂಶವೂ ಸೇರಿರುತ್ತಿತ್ತು. ಬೀದಿಯವರು ಅವನಿಗೆ ಉಸಿರಪ್ಪ ಎಂದು ಹೆಸರಿಟ್ಟದ್ದು ಸುಮ್ಮನಲ್ಲ.

ಕಸುಬಿನಲ್ಲಿ ಅವನು ಕನ್ನಡಕ ರಿಪೇರಿಯವನು. ಮೆಟ್ಟಿಲ ಕೆಳಗಿನ ಇಕ್ಕಟ್ಟಿನಲ್ಲಿ ಅಂಗಡಿ. ಅವನು ಒಳಗೆ ಕೂತರೆ ಗಿರಾಕಿ ಹೊರಗೆ ನಿಲ್ಲಬೇಕು, ಗಿರಾಕಿ ಒಳಗೆ ಬಂದರೆ ಅವನು ಹೊರಗೆ ನಿಲ್ಲಬೇಕು. ಸಡಿಲವಾದ ತಿರುಪು ಬಿಗಿಮಾಡುವುದು, ಮುರಿದ ಕಡ್ಡಿ ಕೂರಿಸುವುದು ಅವನ ಕೆಲಸ. ಆದರೆ ತಿರುಪಿನ ಮೇಲೆ ಅವನಿಗೆ ಮನಸ್ಸೇ ಇರಲಿಲ್ಲ. ಎದುರಿಗೆ ನಿಂತು ಮಾತಾಡುವವನ ಮೂಗಿನ ಮೇಲಿಂದ ಕನ್ನಡಕ ಕಿತ್ತು, ಹಾ ಎಂದು ಊದಿ, ಒರೆಸಿ, ಮತ್ತೆ ಅಲ್ಲೇ ಏರಿಸುತ್ತಿದ್ದ. ನೆಂಟರ ಮನೆಗೆ ಹೋದರೆ ಗೋಡೆಯ ಫೋಟೋ, ಬಸ್ಸು ಹತ್ತಿದರೆ ಕಿಟಕಿ, ಊಟಕ್ಕೆ ಕೂತರೆ ಚಮಚ. ಮದುವೆಯಾದ ಹೊಸದರಲ್ಲಿ ಅವನು ತನ್ನನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಾನೆಂದು ಹೆಂಡತಿ ನಾಚಿ ನೀರಾದಳಂತೆ. ಅವನು ನೋಡುತ್ತಿದ್ದದ್ದು ಅವಳ ಓಲೆಯ ಮೇಲಿದ್ದ ಬೆರಳಚ್ಚನ್ನು. ಆ ದಿನದಿಂದ ಅವಳು ಗಂಡನ ವಿಷಯದಲ್ಲಿ ನಾಚಿಕೆಯ ಬದಲು ತಾತ್ಸಾರವನ್ನು ಬೆಳೆಸಿಕೊಂಡಳು. ಅದು ಚೆನ್ನಾಗಿಯೇ ಬೆಳೆಯಿತು.

ಇಂಥವನ ಕೈಗೆ ಮೊಟ್ಟೆಗಳು ಬಂದದ್ದು ನಾದಿನಿಯಿಂದ. ಅವಳು ನೆಲ ಅಳೆಯುವ ಸರ್ವೇಯರು, ಒಂಟಿ ಹೆಂಗಸು. ಮನೆಯಲ್ಲಿ ಒಂದು ಗಡ್ಡದ ಓತಿಕ್ಯಾತವನ್ನು ಸಾಕಿದ್ದಳು. ಬೇಲಿಯ ಮೇಲೆ ಪುಕ್ಕಟೆ ಸಿಗುವುದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮುದ್ದು ಮಾಡುತ್ತಾಳೆಂದು ಅಕ್ಕ ಆಡಿಕೊಂಡರೂ, ಕೆಲಸ ಮುಗಿಸಿ ಬಂದಾಗ ತಲೆ ಎತ್ತಿ ನೋಡುವ ಜೀವ ಆ ಮನೆಯಲ್ಲಿ ಅದೊಂದೇ. ಆ ಓತಿ ಮೊಟ್ಟೆಯಿಟ್ಟ ಮಾರನೆಯ ವಾರ ಸತ್ತುಹೋಯಿತು. ಅವಳ ಪಾಲಿಗೆ ಉಳಿದದ್ದು ಒಂದು ಡಬ್ಬಿ ಮೊಟ್ಟೆ. ಅಷ್ಟರಲ್ಲಿ ದೂರದ ಅಳತೆಯ ಕೆಲಸಕ್ಕೆ ಕರೆ ಬಂತು. ಡಬ್ಬಿಯನ್ನು ಅಕ್ಕನ ಮನೆಯ ಫ್ರಿಜ್ಜಿನ ಮೇಲಿಟ್ಟು ಭಾವನನ್ನು ಕರೆದಳು.

ಹೇಳಿದ್ದೆಲ್ಲ ಮಗುವಿಗೂ ತಿಳಿಯುವಂತಿತ್ತು. ಮೊಟ್ಟೆಗಳು ವರ್ಮಿಕ್ಯುಲೈಟ್ ಎಂಬ ಹಗುರ ಹರಳಿನಲ್ಲಿ ಅರ್ಧ ಹೂತಿವೆ, ಹಾಗೇ ಇರಲಿ. ಹೊರಳಿಸಿದರೆ ಒಳಗಿನ ಮರಿ ಸಾಯುತ್ತದೆ. ಯಾವುದು ಮೇಲ್ಭಾಗವೆಂದು ತಿಳಿಯಲು ಪ್ರತಿಯೊಂದರ ನೆತ್ತಿಗೂ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಹಾಕಿದ್ದೇನೆ. ಬೂಷ್ಟು ಮೊದಲು ಹಿಡಿಯುವುದು ಜೀವವಿಲ್ಲದ ಮೊಟ್ಟೆಗೆ, ಅಂಥದ್ದನ್ನು ಹೊರಗೆ ತೆಗೆಯಿರಿ. ಜೀವವಿರುವ ಮೊಟ್ಟೆಗೆ ಚೂರು ತಗುಲಿದರೆ ಇದ್ದಲ್ಲೇ ಒಣ ಬ್ರಷ್ಷಿನಿಂದ ಸವರಿ, ಗಾಳಿಯಾಡಲು ಮುಚ್ಚಳ ಕೊಂಚ ತೆರೆಯಿರಿ. ತೇವ ಮಾತ್ರ ಹೆಚ್ಚಾಗಬಾರದು. ಉಸಿರಪ್ಪ ಎಲ್ಲದಕ್ಕೂ ತಲೆಯಾಡಿಸಿದ. ತಲೆಯಾಡಿಸುತ್ತಲೇ ಡಬ್ಬಿಯ ಮುಚ್ಚಳ ಒರೆಸುತ್ತಿದ್ದ.

ನಾದಿನಿಯ ಬಸ್ಸು ಊರು ದಾಟಿತ್ತೋ ಇಲ್ಲವೋ, ನಾಯಕ ಡಬ್ಬಿಯನ್ನು ಓರೆಯಾಗಿ ಎಳೆದು ತೆರೆದು ನೋಡಿದ. ಮೊಟ್ಟೆಯ ಮೇಲೆಲ್ಲ ಪೆನ್ಸಿಲ್ ಕಲೆ. ಒಂದೊಂದನ್ನೇ ಎತ್ತಿ, ಹಾ ಎಂದು ಊದಿ, ಸುತ್ತ ತಿರುಗಿಸಿ ಫಳಫಳ ಹೊಳೆಯುವಂತೆ ಒರೆಸಿ ಹರಳಿನ ಮೇಲೆ ಸಾಲಾಗಿ ಇಟ್ಟ. ಯಾವ ಬದಿ ಮೇಲೆ, ಯಾವುದು ಕೆಳಗೆ? ಆ ಪ್ರಶ್ನೆ ಅವನ ತಲೆಗೆ ಬರಲಿಲ್ಲ. ಆ ತಲೆಗೆ ಬಂದ ಪ್ರಶ್ನೆಗಳ ಸಂಖ್ಯೆಯೇ ಕಡಿಮೆ.

ಸ್ವಲ್ಪ ದಿನಕ್ಕೆ ಒಂದು ಮೊಟ್ಟೆಯ ಮೇಲೆ ಬೂದುಬಣ್ಣದ ನವಿರು ಕಾಣಿಸಿತು. ಉಸಿರಪ್ಪನಿಗೆ ರಣರಂಗ ಸಿಕ್ಕಂತಾಯಿತು. ಅಂಗಿಯ ತೋಳು ಮಡಚಿ, ಸ್ಟೂಲು ಹತ್ತಿ, ಶತ್ರುವಿನ ಮೇಲೆ ತನ್ನ ಮಹಾಸ್ತ್ರ ಪ್ರಯೋಗಿಸಿದ. ಒರೆಸಿದ. ಬೂಷ್ಟು ಸತ್ತಿತೆಂದು ಸಾರಿದ. ಬೆಳಗಾಗುವಾಗ ಅದು ಬಂಧುಬಳಗದ ಸಮೇತ ಹಿಂತಿರುಗಿ ಪಕ್ಕದ ಮೊಟ್ಟೆಗೂ ಚಾಪೆ ಹಾಸಿತ್ತು. ಬೂಷ್ಟಿಗೆ ಬೇಕಾದದ್ದು ಬಿಸಿ ಮತ್ತು ತೇವ. ಎರಡನ್ನೂ ಹೊತ್ತುಹೊತ್ತಿಗೆ ಬಾಯಿಂದ ಉಣಿಸುವ ಇಂಥ ತಾಯಿ ಅದಕ್ಕೆ ಇನ್ನೆಲ್ಲಿ ಸಿಗಬೇಕು? ಅವನು ಊದಿದಷ್ಟೂ ಅದು ಬೆಳೆಯಿತು, ಅದು ಬೆಳೆದಷ್ಟೂ ಅವನು ಊದಿದ. ಜೀವವಿಲ್ಲದ ಮೊಟ್ಟೆಯನ್ನು ಹೊರಗೆ ತೆಗೆಯಬೇಕೆಂಬ ಮಾತು ನೆನಪಿದ್ದರೂ ಕೇಳಲಿಲ್ಲ. ಕಲೆಯಿದೆಯೆಂದು ಕನ್ನಡಕವನ್ನು ಯಾರಾದರೂ ಎಸೆಯುತ್ತಾರೆಯೇ ಎಂಬುದು ಅವನ ವಾದ.

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳಿದಳು. “ರೀ, ಅವಳು ಬ್ರಷ್ ಕೊಟ್ಟು ಹೋಗಿದ್ಳಲ್ಲ, ಅದೇನಾಯ್ತು?”

“ಒಣ ಬ್ರಷ್ಷಲ್ಲಿ ಉಜ್ಜಿದ್ರೆ ಗೆರೆ ಬೀಳುತ್ತೆ ಕಣೆ.”

“ಮೊಟ್ಟೆಗೆ ಗೆರೆ ಬಿದ್ರೆ ಯಾರಿಗೆ ಕಣ್ಣು ಕಾಣಲ್ವಂತೆ?”

ನಾಯಕ ಇನ್ನೊಮ್ಮೆ ಊದಿದ. ಕೊನೆಗೆ ಉಸಿರಿಗೂ ಜಗ್ಗದ ಶತ್ರುವಿಗೆಂದು ಅಂಗಡಿಯಿಂದ ಗಾಜು ತೊಳೆಯುವ ದ್ರಾವಣದ ಬಾಟಲಿ ತಂದು ಸಾಲಿನುದ್ದಕ್ಕೂ ಸಿಂಪಡಿಸಿದ. ಬೂಷ್ಟು ಕೊಂಚ ಕೆಮ್ಮಿ ಸುಧಾರಿಸಿಕೊಂಡಿತು. ಮೊಟ್ಟೆಗಳು ಸುಧಾರಿಸಿಕೊಳ್ಳಲಿಲ್ಲ. ಗುಳಿಬಿದ್ದು, ಹಳದಿಗಟ್ಟಿ, ಡಬ್ಬಿಯ ಮುಚ್ಚಳ ತೆರೆಯದೆಯೇ ಮೂಗು ಮುಚ್ಚಿಕೊಳ್ಳುವಂತಾಯಿತು. ಹೆಂಡತಿ ತಂಗಿಗೆ ಫೋನು ಮಾಡಿದಳು. ಭಾವ ನಿನ್ನ ಮೊಟ್ಟೆಗಳಿಗೆ ಪಾಲಿಶ್ ಮಾಡಿದ್ದಾರೆ, ಬಂದು ನೋಡು ಎಂದಷ್ಟೇ ಹೇಳಿದಳು.

ನಾದಿನಿ ಧೂಳು ತುಂಬಿದ ಬೂಟಿನಲ್ಲೇ ಒಳಗೆ ಬಂದಳು. ಡಬ್ಬಿಯನ್ನು ಊಟದ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಒಂದೊಂದೇ ಮೊಟ್ಟೆಯ ಹಿಂದೆ ಟಾರ್ಚು ಹಿಡಿದು ನೋಡುವಳು, ಒಳಗೆ ಬರೀ ಕಲಕು ಕಂಡರೆ ಹಳೆಯ ಪೇಪರಿನ ಮೇಲೆ ಇಡುವಳು. ಪೇಪರು ತುಂಬುತ್ತ ಬಂತು, ಡಬ್ಬಿ ಖಾಲಿಯಾಗುತ್ತ ಬಂತು. ಉಸಿರಪ್ಪ ಗೋಡೆಗೆ ಅಂಟಿ ನಿಂತಿದ್ದ. ಕೈಯಲ್ಲಿ ಬಟ್ಟೆಯಿತ್ತು, ಒರೆಸುವ ಧೈರ್ಯವಿರಲಿಲ್ಲ.

ಕೊನೆಯ ಮೊಟ್ಟೆಯೂ ಪೇಪರು ಸೇರಿದ ಮೇಲೆ ಡಬ್ಬಿಯ ಹರಳನ್ನು ಚೆಲ್ಲಿಬಿಡಲೆಂದು ನಾದಿನಿ ಕೈ ಹಾಕಿದಳು. ಮೊದಲ ದಿನ ಡಬ್ಬಿಯನ್ನು ಓರೆಯಾಗಿ ಎಳೆದಾಗಲೇ ಹರಳು ಒಂದು ಮೂಲೆಗೆ ಸರಿದು ಗುಡ್ಡೆಯಾಗಿತ್ತು. ಅದರಡಿ ಅವಳ ಬೆರಳಿಗೆ ಏನೋ ತಗುಲಿತು. ಮೆಲ್ಲನೆ ಹರಳು ಬಿಡಿಸಿದಳು. ಸುಣ್ಣದಷ್ಟು ಬಿಳಿಯ, ತುಂಬಿಕೊಂಡ ಮೊಟ್ಟೆ. ಬೂಷ್ಟಿನ ಸುಳಿವಿಲ್ಲ. ನೆತ್ತಿಯ ಮೇಲೆ ಪೆನ್ಸಿಲ್ಲಿನ ಅಡ್ಡಗೆರೆ ಇದ್ದಂತೆಯೇ ಇತ್ತು. ಅಲುಗಿಸದೆ ಪಕ್ಕದಿಂದ ಟಾರ್ಚು ಹಿಡಿದಳು. ಕೆಂಪು ನರಗಳು ಕಂಡವು, ಅವುಗಳ ನಡುವೆ ಕಪ್ಪಗೆ ಒಂದು ಚೂರು ಮಿಸುಕಿತು.

ಅವಳು ಕೂತಲ್ಲೇ ಅತ್ತಳು. ಕಣ್ಣೊರೆಸಿಕೊಂಡು ಭಾವನ ಕಡೆ ತಿರುಗಿದಾಗ ಅವಳ ಮುಖವೇ ಬೇರೆಯಾಗಿತ್ತು. ಸುತ್ತಲಿನವು ಕೆಡುತ್ತಿರುವುದನ್ನು ಕಂಡು, ಇದೊಂದಕ್ಕಾದರೂ ಸೋಂಕು ತಗುಲದಿರಲೆಂದು ದೂರದ ಮೂಲೆಯಲ್ಲಿ ಹೂತು ಕಾಪಾಡಿದ್ದಾರೆಂದು ಅವಳೇ ಲೆಕ್ಕ ಹಾಕಿಬಿಟ್ಟಿದ್ದಳು.

“ನಾನು ಏನೇನೋ ಅಂದ್ಕೊಂಡ್ಬಿಟ್ಟಿದ್ದೆ ಭಾವ. ಇದೊಂದನ್ನ ಎಷ್ಟು ಜೋಪಾನ ಮಾಡಿದೀರ. ಗುರುತು ಕೂಡ ಅಳಿಸಿಲ್ಲ. ಹೇಗೆ ಹೊಳೀತು ನಿಮಗೆ?”

ಹೆಂಡತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ಹೊಸದಾಗಿ ನೋಡಿದಳು. ಇಷ್ಟು ವರ್ಷಗಳ ಸಂಸಾರದಲ್ಲಿ ಮೊದಲ ಸಲ, ತನ್ನ ಕಡೆಗಿದ್ದ ಟೇಬಲ್ ಫ್ಯಾನನ್ನು ಅವನ ಕಡೆಗೆ ತಿರುಗಿಸಿದಳು. ಕುರ್ಚಿಯನ್ನೂ ಎಳೆದಳು. ನಾಯಕನಿಗೆ ಕಿರೀಟ ತಲೆಯ ಅಳತೆಗೇ ತಯಾರಾಗಿ ಬಂದು ನಿಂತಿತ್ತು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು. ಬಾಯಿ ಮುಚ್ಚಿಕೊಂಡಿರುವುದು ಅವನಿಗೆ ಎಂದೂ ಒಗ್ಗಿದ ವಿದ್ಯೆಯಲ್ಲ.

ಉಸಿರಪ್ಪ ಡಬ್ಬಿಯೊಳಗೆ ಬಗ್ಗಿ ನೋಡಿದ.

“ಅಲ್ಲೊಂದು ಇತ್ತು ಅಂತಲೇ ನಂಗೆ ಗೊತ್ತಿರ್ಲಿಲ್ಲ ಕಣಮ್ಮ. ಗೊತ್ತಿದ್ದಿದ್ರೆ ಅದನ್ನೂ ಒರೆಸಿರ್ತಿದ್ದೆ.”