ನೀಲಕ್ಕ ಹಾಡದೇ ಇದ್ದ ಮದುವೆ

ಹೋದ ವಾರ ಮನೆಗೆ ಬಂದ ರಿಪೇರಿಯವನು ಹಳೆಯ ಹಾರ್ಮೋನಿಯಮ್ಮಿನ ಮುಚ್ಚಳ ಬಿಚ್ಚಿದ. ಒಳಗಿನಿಂದ ಹಳೆಯ ಚರ್ಮ, ಡಾಂಬರು ಗುಳಿಗೆ, ಅರಗು ಎಲ್ಲ ಕೂಡಿದ ಒಂದು ವಾಸನೆ ಹೊರಬಂತು. ಅವನು ಏನೋ ಕೇಳುತ್ತಿದ್ದ, ನನಗೆ ಕೇಳಿಸಲಿಲ್ಲ. ನಾನಾಗಲೇ ಬೆಳಗಾವಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿದ್ದೆ. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿಗಳ ಸಾಲಿದೆ. ಆಗ ಅಲ್ಲಿ ಜಮಖಾನೆ ಹಾಸಿರುತ್ತಿತ್ತು, ಅಜ್ಜ ತಂಬೂರಿ ಹಿಡಿದು ಕೂತಿರುತ್ತಿದ್ದ, ಮುಂದೆ ಕೂತು ಅವನ ತಂಗಿ ಹಾಡುತ್ತಿದ್ದಳು. ಮನೆಯವರಿಗೆಲ್ಲ ಆಕೆ ನೀಲಕ್ಕ. ರೇಡಿಯೊ ಇದ್ದ ಮನೆಗಳಿಗೆಲ್ಲ ದೊಡ್ಡ ಗಾಯಕಿ. ನಿಮ್ಮ ಮನೆಯಲ್ಲೂ ಬೆಳಗಿನ ಚಹಾದ ಹೊತ್ತಿಗೆ ಇಂಥದೊಂದು ದನಿ ಇದ್ದಿರಬೇಕು. ಅದು ನಿಂತದ್ದು ಯಾವಾಗ ಎಂದು ನಿಮಗೂ ನೆನಪಿರಲಿಕ್ಕಿಲ್ಲ.

ನೀಲಕ್ಕ ಮದುವೆಯಾಗಿರಲಿಲ್ಲ. ಹೆಣ್ಣುಮಗಳನ್ನು ಮಂದಿಯ ಮುಂದೆ ಹಾಡಲು ಬಿಡುತ್ತೀಯಾ ಎಂದು ಬಂಧುಬಳಗವೆಲ್ಲ ತಿರುಗಿಬಿದ್ದಾಗ ಅಜ್ಜ ಮಠದ ಅಂಗಳದಲ್ಲಿ ನಿಂತು, ನನ್ನ ತಂಗಿ ಸಂಸಾರಕ್ಕಲ್ಲ, ಹಾಡಿಗೇ ಹುಟ್ಟಿದವಳು ಅಂದಿದ್ದನಂತೆ. ಮುಪ್ಪಿನಲ್ಲೂ ಆ ಮಾತನ್ನು ಬಂದವರಿಗೆಲ್ಲ ಹೇಳಿ ಮೀಸೆ ತೀಡುತ್ತಿದ್ದ. ಅವಳ ಒಂದು ಕಚೇರಿಯಲ್ಲೂ ಅವನು ಬೇರೆಯವರ ಕೈಗೆ ತಂಬೂರಿ ಕೊಟ್ಟವನಲ್ಲ.

ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಪೇಟಿ ಕೆಟ್ಟರೆ ಖಾನಾಪುರದಿಂದ ಇನಾಸ್ ಮಾಮಾ ಬರುತ್ತಿದ್ದ. ಹೆಂಡತಿ ತೀರಿಕೊಂಡ, ಮಕ್ಕಳಿಲ್ಲದ, ಮೆತ್ತಗೆ ಮಾತನಾಡುವ ಕ್ರೈಸ್ತ; ಭಾನುವಾರ ಅಲ್ಲಿಯ ಇಗರ್ಜಿಯಲ್ಲಿ ಪೇಟಿ ನುಡಿಸುತ್ತಿದ್ದವನು ಅವನೊಬ್ಬನೇ. ಬರಬರುತ್ತ ನಮ್ಮ ಪೇಟಿಗೆ ಮನೆಮಂದಿಗಿಂತ ಹೆಚ್ಚು ಕಾಯಿಲೆ ಬರತೊಡಗಿತು. ಅವನು ಬರುವುದು ಸಾಲದೆ ನೀಲಕ್ಕನೇ ಅದನ್ನು ಎತ್ತಿಕೊಂಡು ಖಾನಾಪುರದ ಬಸ್ಸು ಹತ್ತುವಳು. ಅವಳ ತಲೆ ಪೂರ್ತಿ ನರೆತಿತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ವಯಸ್ಸಾದವರಿಗೂ ಹೃದಯ ಇರುತ್ತದೆ ಎಂಬುದು ನಮ್ಮ ಮನೆಯಲ್ಲಿ ಡಾಕ್ಟರು ಹೇಳಿದಾಗ ಮಾತ್ರ ನೆನಪಾಗುತ್ತಿತ್ತು.

ನಾನಾಗ ನಾಲ್ಕನೇ ಇಯತ್ತೆ. ಬಾಯಲ್ಲಿ ಮಾತು ನಿಲ್ಲದ ನನ್ನನ್ನು ಮನೆಯಲ್ಲಿ ಡಂಗುರವ್ವ ಎಂದು ಕರೆಯುತ್ತಿದ್ದರು. ಅಂಥವಳನ್ನೇ ನೀಲಕ್ಕ ಒಂದು ದಿನ ಜೊತೆಗೆ ಕರೆದುಕೊಂಡು ಹೊರಟಳು. ಬಸ್ಸಿನ ಕಿಟಕಿಯಲ್ಲಿ ಖಾನಾಪುರದ ಹೆಂಚಿನ ಭಟ್ಟಿಗಳು ಕಾಣತೊಡಗಿದಾಗ ನನ್ನ ಕಿವಿಯ ಹತ್ತಿರ ಬಾಗಿದಳು.

“ಇವತ್ತ ನನ್ನ ಲಗ್ನ ಐತಿ. ನಮ್ಮ ಮನಿಯಿಂದ ಒಬ್ಬರರ ಇರಬೇಕಲಾ, ಅದಕ್ಕ ನಿನ್ನ ಕರ್ಕೊಂಡ ಬಂದೀನಿ. ಅಣ್ಣಗ ಗೊತ್ತಾಗಬಾರದು. ಊರ ಮುಂದ ಅವ ಆಡಿದ ಮಾತ ನಾ ಹ್ಯಾಂಗ ಮುರೀಲಿ?”

ಇಗರ್ಜಿಯಲ್ಲಿ ಬೆರಳೆಣಿಕೆಯ ಮಂದಿ. ನೀಲಕ್ಕ ಶಹಾಪುರದ ಬಿಳಿ ಸೀರೆ ಉಟ್ಟಿದ್ದಳು. ಕೊರಳಲ್ಲಿ ಎಂದಿನಂತೆ ಲಿಂಗದ ಕರಡಿಗೆ ಇತ್ತು. ತೆಗೆ ಎಂದು ಪಾದ್ರಿ ಹೇಳಲಿಲ್ಲ. ಹಾಡಿನ ಹೊತ್ತಾದಾಗ ಮಾತ್ರ ಎಲ್ಲರೂ ಮುಖ ಮುಖ ನೋಡಿಕೊಂಡರು. ಪೇಟಿ ನುಡಿಸುವವನೇ ಮದುಮಗ! ಇನಾಸ್ ಮಾಮಾ ಕೋಟಿನ ಗುಂಡಿ ಬಿಚ್ಚಿ, ನೀಲಕ್ಕನ ಬದಿಯಿಂದ ಎದ್ದು ಹೋಗಿ, ತನ್ನ ಮದುವೆಗೆ ತಾನೇ ಪೇಟಿ ಬಾರಿಸಿ, ಮತ್ತೆ ಬಂದು ಅವಳ ಪಕ್ಕ ನಿಂತ. ನನಗೆ ನಗು ತಡೆಯಲಾಗಲಿಲ್ಲ. ಬಂದ ನಾಲ್ಕು ಜನರೂ ಕೊಂಕಣಿಯಲ್ಲಿ ಹಾಡಿದರು, ನೀಲಕ್ಕ ತುಟಿ ಬಿಗಿಹಿಡಿದು ನಿಂತಳು. ಕಿಟಕಿಗಳು ಸಂತೆಯ ರಸ್ತೆಗೆ ತೆರೆದಿದ್ದವು. ಆ ದನಿಯ ಗುರುತು ಯಾರಿಗಿರಲಿಲ್ಲ? ಒಂದು ಸಾಲು ಎತ್ತಿದರೂ ಸಂಜೆಯೊಳಗೆ ಸುದ್ದಿ ಅಜ್ಜನಿಗೆ ಮುಟ್ಟುತ್ತಿತ್ತು. ಅವಳ ಗಂಟಲು ಅಲುಗುವುದು ನನಗೆ ಕಾಣುತ್ತಿತ್ತು. ಆಮೇಲೆ ನಾವು ಬೆಳಗಾವಿಯಿಂದ ಒಯ್ದಿದ್ದ ಕುಂದಾ ಹಂಚಿದೆವು.

ಡಂಗುರವ್ವ ಬಾಯಿ ಬಿಡಲಿಲ್ಲ. ನೀಲಕ್ಕ ಅಣ್ಣನ ಮನೆಯಲ್ಲೇ ಉಳಿದಳು. ಶನಿವಾರ ಪೇಟಿ ಕೆಡುತ್ತಿತ್ತು, ಸೋಮವಾರ ಸರಿಯಾಗಿ ಬರುತ್ತಿತ್ತು. ಅವರ ಸಂಸಾರವೆಲ್ಲ ಅಷ್ಟರಲ್ಲೇ ಆಗಿಹೋಯಿತಲ್ಲ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ನಾನು ಕಾಲೇಜಿನಲ್ಲಿದ್ದಾಗ ಇನಾಸ್ ಮಾಮಾ ತೀರಿಕೊಂಡ. ಪೇಟಿ ರಿಪೇರಿಯವನು ಹೋದನಂತೆ, ಮುಖ ನೋಡಿ ಬರುತ್ತೇವೆ ಎಂದಷ್ಟೇ ಅಜ್ಜನಿಗೆ ಹೇಳಿ ನಾವಿಬ್ಬರೂ ಹೊರಟೆವು. ಇಗರ್ಜಿಯಲ್ಲಿ ಪೇಟಿಯ ಮೇಲೆ ಬಟ್ಟೆ ಹೊದಿಸಿತ್ತು. ನುಡಿಸುವವನು ಶವಪೆಟ್ಟಿಗೆಯಲ್ಲಿ ಮಲಗಿದ್ದ. ಪಾದ್ರಿ ಹಾಡು ಬಿಟ್ಟು ಮುಂದಿನ ಪ್ರಾರ್ಥನೆಗೆ ಹೋಗುವಷ್ಟರಲ್ಲಿ ನೀಲಕ್ಕ ನನ್ನ ಕೈ ಬಿಡಿಸಿಕೊಂಡು ಎದ್ದಳು. ಕಿಟಕಿಗಳು ಅಂದಿನಂತೆಯೇ ತೆರೆದಿದ್ದವು. ಅವಳ ಸೆರಗು ಹಿಡಿದು ಕೂರಿಸೋಣ ಅನ್ನಿಸಿತು. ಅಷ್ಟರಲ್ಲಿ ಶ್ರುತಿಯಿಲ್ಲದೆ, ತಾಳವಿಲ್ಲದೆ ಅವಳು ನಮ್ಮ ಮನೆಯಲ್ಲಿ ಹಾಡುತ್ತಿದ್ದ ಒಂದು ವಚನ ಎತ್ತಿಕೊಂಡಿದ್ದಳು. ರಸ್ತೆಯ ಮಂದಿ ಬಾಗಿಲಿಗೆ ಬಂದು ನಿಂತರು. ಯಾರೋ ಮೊಬೈಲ್ ಎತ್ತಿ ಹಿಡಿದರು. ನಾವು ಬೆಳಗಾವಿ ಮುಟ್ಟುವ ಮೊದಲೇ ಆ ಹಾಡು ಅಜ್ಜನನ್ನು ಮುಟ್ಟಿತ್ತು.

ಪಡಸಾಲೆಯಲ್ಲಿ ಅಜ್ಜ ಒಬ್ಬನೇ ಕೂತಿದ್ದ. ನೀಲಕ್ಕ ಹೊಸ್ತಿಲಲ್ಲೇ ನಿಂತು, ಇಗರ್ಜಿಯ ಮದುವೆಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಅಜ್ಜ ತಲೆ ಎತ್ತದೆಯೇ ಕೇಳಿದ.

“ತಂಬೂರಿ ಯಾರ ಹಿಡದಿದ್ರು?”

“ಯಾರೂ ಇಲ್ಲಣ್ಣಾ.”

“ನನ್ನ ಕರೀಬೇಕಿತ್ತವಾ. ಎರಡೂ ಸಲ ಕರೀಬೇಕಿತ್ತು.”

ಮುಂದಿನ ತಿಂಗಳು ಇನಾಸ್ ಮಾಮಾನ ಹೆಸರಿನಲ್ಲಿ ಇಗರ್ಜಿಯಲ್ಲಿ ಪೂಜೆಯಿತ್ತು. ಅಜ್ಜ ತಂಬೂರಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕಾರಿನಲ್ಲಿ ಬಂದು, ಮುಂದಿನ ಬೆಂಚಿನಲ್ಲಿ ಕೂತು ಶ್ರುತಿ ಹಿಡಿದ. ನೀಲಕ್ಕ ಹಾಡಿದಳು.

ಅಣ್ಣ ತಂಗಿ ಇಬ್ಬರೂ ಹೋಗಿ ವರ್ಷಗಳಾದವು. ಹೋದ ವಾರ ಬಂದ ರಿಪೇರಿಯವನು ನೀಲಕ್ಕನ ಪೇಟಿಯ ಮುಚ್ಚಳ ಕೂಡಿಸಿ, ಒಂದೆರಡು ಸ್ವರ ಒತ್ತಿ ತೋರಿಸಿದ. ಇನ್ನು ಇದು ಕೆಡುವುದಿಲ್ಲ ಬಿಡ್ರಿ ಅಂದ. ಆ ಮಾತಿಗೆ ನನಗೆ ಅಳು ಬಂತು.