ಶುಕ್ರವಾರ ಹೊಸ್ತಿಲು ದಾಟದ ಬ್ಯಾಕಪ್

ಆಯಿ ಟ್ರಂಕಿನ ಮೇಲೆ ಕುಳಿತುಬಿಟ್ಟಳು. ಸುಮ್ಮನೆ ಕುಳಿತದ್ದಲ್ಲ. ಸೆರಗು ಸೊಂಟಕ್ಕೆ ಸಿಗಿಸಿ, ಕಾಲು ಮಡಚಿ, ಊಟಕ್ಕೆ ಕುಳಿತಂತೆ ಕುಳಿತಳು.

“ಏಳ ಆಯಿ.”

“ಏಳಂಗಿಲ್ಲ.”

“ಒಯ್ದು ಸಂಜೀಕ ತಂದಿಡ್ತೇನಿ.”

“ಇವತ್ತ ಯಾವ ವಾರ?”

“ಶುಕ್ರವಾರ.”

“ಶುಕ್ರವಾರ ಲಕ್ಷ್ಮೀನ್ನ ಯಾರರ ಹೊಸ್ತಿಲಾ ದಾಟಸ್ತಾರೇನೋ ಖೋಡಿ? ನಾಳೆ ಬಾ. ನಾನ ಕುಂಕುಮ ಹಚ್ಚಿ ಕೊಡ್ತೇನಿ.”

ಟ್ರಂಕಿನೊಳಗೆ ಇದ್ದದ್ದು ಲಕ್ಷ್ಮಿ ಅಲ್ಲ. ಅಂಗೈ ಅಗಲದ ಒಂದು ಕರಿ ಹಾರ್ಡ್ ಡಿಸ್ಕ್. ಅದರಲ್ಲಿ ನಮ್ಮ ಅಂಗಡಿಯ ಕಂಪ್ಯೂಟರಿನ ಬ್ಯಾಕಪ್ ಇತ್ತು. ಅದನ್ನು ಲಕ್ಷ್ಮಿ ಮಾಡಿದವನು ನಾನೇ. ನನಗೆ ಕೋಣೆ ಬಾಡಿಗೆ ಕೊಟ್ಟ ಮುದುಕಿ ಆಯಿಯ ತಪ್ಪು ಏನೂ ಇಲ್ಲ.

ನಾನು ಹಾನಗಲ್ ಕಡೆಯ ಆಡೂರಿನವನು. ಒಂಬತ್ತನೇ ಇಯತ್ತೆಯಲ್ಲಿ ಎರಡು ವರ್ಷ ಕುಳಿತೆ, ಮೂರನೇ ವರ್ಷ ಎದ್ದು ಬಂದೆ. ಈಗ ಸವಣೂರಿನಲ್ಲಿ ಒಂದು ಎಂಬ್ರಾಯ್ಡರಿ ಅಂಗಡಿಯಲ್ಲಿದ್ದೇನೆ. ಮದುವೆ ಬ್ಲೌಸಿನ ತೋಳಿಗೆ ನವಿಲು, ಆನೆ, ಕಳಸ ಹಾಕುವುದು ನಮ್ಮ ಕೆಲಸ. ಕಂಪ್ಯೂಟರಿನಲ್ಲಿ ಚಿತ್ರ ಬರೆದು, ಪೆನ್ ಡ್ರೈವಿಗೆ ಹಾಕಿ ಮಷೀನಿಗೆ ಚುಚ್ಚುವವನು ನಾನು. ಹೊಲಿಯುವುದು ಮಷೀನು. ಆ ಬಟ್ಟೆ ಕತ್ತರಿಸಿ ಬ್ಲೌಸ್ ಮಾಡುವವರು ಅಂಗಡಿಯ ಮಾಲಕರು. ಅವರಿಗೆ ನಾನು ಚಾಚಾ ಎನ್ನುತ್ತೇನೆ. ಕಂಪ್ಯೂಟರನ್ನು ನಡೆಸುವ ಪ್ರೋಗ್ರಾಮು ಲಿನಕ್ಸ್. ಪುಕ್ಕಟೆ ಸಿಗುತ್ತದೆ, ಕನ್ನಡದಲ್ಲೂ ಬರುತ್ತದೆ. ಅದರೊಳಗಿನ ಕನ್ನಡವನ್ನು ಸವಣೂರಿನಲ್ಲಿ ಯಾರೂ ಆಡುವುದಿಲ್ಲ. ಆದರೂ ನನಗೆ ಇಂಗ್ಲಿಷಿಗಿಂತ ಅದು ಮೇಲು.

ಹೋದ ಮಳೆಗಾಲದಲ್ಲಿ ಅಂಗಡಿ ಸೋರಿತು. ಕಂಪ್ಯೂಟರಿನ ಮೇಲೆ ತಗಡು ಹಿಡಿದು ನಿಂತು ಚಾಚಾ ಹೇಳಿದರು, “ಬೇಟಾ, ಬ್ಯಾಕಪ್ ಸೈತ ಇಲ್ಲೇ ಇಟ್ರ ಎರಡೂ ಕೂಡೇ ತೋಯ್ತಾವು. ನಿನ್ನ ಮನಿಗೆ ಒಯ್ಯಿ.” ನನ್ನ ಮನೆ ಎಂದರೆ ಆಯಿಯ ಮನೆಯ ಹಿಂದಿನ ಬಾಡಿಗೆ ಕೋಣೆ. ಅದಕ್ಕೆ ಚಿಲಕವಿದೆ, ಕೀಲಿ ಇಲ್ಲ. ಹಾಗಾಗಿ ಡಿಸ್ಕನ್ನು ಆಯಿಗೆ ಕೊಟ್ಟು, ನಿನ್ನ ಟ್ರಂಕಿನಲ್ಲಿ ಇಡು ಎಂದೆ. ಇದರಲ್ಲಿ ಏನಿದೆ ಎಂದು ಕೇಳಿದಳು. ಚಿತ್ರ ಅಂದೆ. ಎಷ್ಟು ಚಿತ್ರ ಅಂದಳು. ಸಾವಿರಾರು ಅಂದೆ. ಇಷ್ಟು ಸಣ್ಣ ಡಬ್ಬಿಯಲ್ಲಿ ಹೇಗೆ ಹಿಡಿಯುತ್ತವೆ ಅಂದಳು. ಅರ್ಧ ತಾಸು ಹೇಳಿದೆ. ನನಗೆ ಅಷ್ಟು ತಾಳ್ಮೆ ಇಲ್ಲ. ಕಡೆಗೆ ಹೇಳಿದೆ, “ಆಯಿ, ಇದರಾಗ ಅಂಗಡಿ ಲಕ್ಷ್ಮೀ ಅದಾಳ. ಜ್ವಾಕಿ.”

ಅದು ಅವಳಿಗೆ ಒಂದೇ ಸಲಕ್ಕೆ ತಿಳಿಯಿತು. ತನ್ನ ಮದುವೆ ಸೀರೆಯ ಕೆಳಗೆ ಇಟ್ಟು ಕೀಲಿ ಹಾಕಿದಳು.

ಪ್ರತಿ ಸೋಮವಾರ ಮುಂಜಾನೆ ಒಯ್ಯುತ್ತಿದ್ದೆ, ಬ್ಯಾಕಪ್ ತೆಗೆದು ಸಂಜೆಗೆ ತಂದಿಡುತ್ತಿದ್ದೆ. ಒಂದು ಸೋಮವಾರವೂ ತಪ್ಪಿಸಲಿಲ್ಲ. ಬೇರೆ ವಾರ ಅದನ್ನು ಕೇಳುವ ಪ್ರಸಂಗ ಬರಲಿಲ್ಲ. ಬ್ಯಾಕಪ್ ಎಲ್ಲಿ ಇಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಇಟ್ಟುಕೊಂಡವರು ಯಾವ ವಾರ ಕೊಡುವುದಿಲ್ಲ ಎಂದು ಯಾರೂ ಹೇಳುವುದಿಲ್ಲ.

ಆ ಶುಕ್ರವಾರ ಮುಂಜಾನೆ ಅಂಗಡಿಯ ಕಂಪ್ಯೂಟರು ಕಟಕಟ ಎಂದಿತು. ಒಳಗಿನ ಡಿಸ್ಕ್ ಸತ್ತಿತ್ತು. ಅದು ಸತ್ತ ಹೊತ್ತಿಗೆ ಮಷೀನಿನ ಮೇಲೆ ಶಿಗ್ಗಾವಿಯ ಒಬ್ಬ ಮದುಮಗಳ ಬ್ಲೌಸ್ ಇತ್ತು. ಬಲತೋಳು ಗುರುವಾರವೇ ಮುಗಿದಿತ್ತು. ಜರಿ ದಾರ ತೀರಿದ್ದರಿಂದ ಎಡತೋಳು ನಿಂತಿತ್ತು. ದಾರ ಈಗ ಹುಬ್ಬಳ್ಳಿಯಿಂದ ಬಂದಿತ್ತು, ಚಿತ್ರ ಹೋಗಿತ್ತು. ಆ ಚಿತ್ರ ಬರೆಯಲು ನನಗೆ ನಾಲ್ಕು ದಿನ ಹಿಡಿದಿತ್ತು. ಮದುವೆ ಭಾನುವಾರ, ಹಿರೇಕೆರೂರಿನಲ್ಲಿ. ಹೆಣ್ಣಿನ ಕಡೆಯವರ ಗಾಡಿ ಶನಿವಾರ ಮಧ್ಯಾಹ್ನ ಎರಡಕ್ಕೆ ಹೊರಡುತ್ತಿತ್ತು. ಬ್ಲೌಸ್ ಒಯ್ಯಲೆಂದು ಬಂದ ಮದುಮಗಳ ತಾಯಿ ಸ್ಟೂಲಿನ ಮೇಲೆ ಕುಳಿತಿದ್ದಳು.

“ಒಂದ ತೋಳಿನ ಕುಬಸಾ ಹಾಕಿ ಅಕ್ಕಿಕಾಳಿಗೆ ನಿಲ್ಲಸಲೇನೋ ತಮ್ಮಾ ನನ್ನ ಮಗಳನ್ನ?”

“ಬ್ಯಾಕಪ್ ಐತ್ರಿ ಅಕ್ಕಾರ. ಮಧ್ಯಾಹ್ನ ಅನ್ನೂದರಾಗ ಎಲ್ಲಾ ವಾಪಸ್ ಬರ್ತೈತಿ.”

ನನಗೆ ಗರ್ವವೇ ಇತ್ತು. ಬಸ್‌ಸ್ಟ್ಯಾಂಡಿನ ರಿಪೇರಿ ಅಂಗಡಿಯಿಂದ ಹೊಸ ಡಿಸ್ಕ್ ತಂದು ಕೂರಿಸಿದೆ. ಪಕ್ಕದ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಪೆನ್ ಡ್ರೈವಿಗೆ ಲಿನಕ್ಸ್ ಹತ್ತಿಸಿಕೊಂಡು ಬಂದು ಇನ್‌ಸ್ಟಾಲ್ ಮಾಡಿದೆ. ಚಿತ್ರ ಬರೆಯುವ ಪ್ರೋಗ್ರಾಮನ್ನು ಮೊಬೈಲ್ ನೆಟ್ಟಿನಿಂದ ಇಳಿಸಿದೆ. ಒಂದು ತಾಸಿನೊಳಗೆ ಕಂಪ್ಯೂಟರು ಎದ್ದಿತು. ಇನ್ನು ಬ್ಯಾಕಪ್ ತರುವುದಷ್ಟೇ ಉಳಿದಿತ್ತು. ತರಲು ಹೋದಾಗ ಆಯಿ ಟ್ರಂಕಿನ ಮೇಲೆ ಕುಳಿತಳು.

ಬರಿಗೈಲಿ ಅಂಗಡಿಗೆ ಬಂದೆ.

“ಎಲ್ಲಿ?” ಮದುಮಗಳ ತಾಯಿ ಕೇಳಿದಳು.

“ಆಯಿ ಕೊಡವಲ್ಲಳ್ರಿ.”

“ಕೊಡವಲ್ಲಳಾ? ನಡಿ. ಆ ಮುದುಕಿ ಹೆಂಗ ಕೊಡೂದಿಲ್ಲ ನಾ ನೋಡ್ತೇನಿ.”

ಚಾಚಾ ಟೋಪಿ ಹಾಕಿಕೊಂಡು ನಮಾಜಿಗೆ ಹೊರಟಿದ್ದರು. “ಹೋಗ ಬೇಟಾ, ಹೆಂಗಸರ ಮಾತು ಹೆಂಗಸರಿಗೇ ತಿಳೀತೈತಿ,” ಎಂದರು. ನಾನು ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡೆ. ದಾರಿಯುದ್ದಕ್ಕೂ ಅವಳು ಆಯಿಗೆ ಏನೇನು ಅನ್ನಬೇಕು ಎಂದು ನನ್ನ ಕಿವಿಯಲ್ಲಿ ಅಂದು ನೋಡುತ್ತಿದ್ದಳು. ನನಗೆ ಖುಷಿಯಾಗಿತ್ತು.

ಆಯಿ ಇನ್ನೂ ಟ್ರಂಕಿನ ಮೇಲೆಯೇ ಇದ್ದಳು. ಮದುಮಗಳ ತಾಯಿ ಬಾಗಿಲಲ್ಲಿ ನಿಂತು, “ಯಾಕ್ರೀ ಯವ್ವಾ, ಕೊಡೂದಿಲ್ಲಂತ?” ಎಂದಳು.

“ನೀನ ಹೇಳ ತಂಗೀ, ಶುಕ್ರವಾರ ಲಕ್ಷ್ಮೀನ್ನ ಹೊರಗ ಕೊಡ್ತಾರೇನು?”

ಮದುಮಗಳ ತಾಯಿ ಟ್ರಂಕು ನೋಡಿದಳು, ಆಯಿಯನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಲ್ಲೋ ತಮ್ಮಾ, ನಿನಗರ ಬುದ್ಧಿ ಬ್ಯಾಡ? ಶುಕ್ರವಾರ ಹೆಂಗ ಕೊಡ್ತಾರ? ನಮ್ಮನ್ಯಾಗ ಒಂದ ಹಿಡಿ ಉಪ್ಪ ಸೈತ ಕೊಡೂದಿಲ್ಲ.”

“ಅಕ್ಕಾರ, ಬ್ಲೌಸ್ ನಿಮ್ದ್ರೀ!”

“ಬ್ಲೌಸ್ ನಂದು, ಮನಿ ಅವರದು. ನಾಳೆ ಅವರಿಗೆ ಏನರ ಆತಂದ್ರ ನನ್ನ ಮಗಳ ಮದುವಿ ಹೆಸರು ಬರಬೇಕೇನು?”

ಇಬ್ಬರೂ ಒಂದಾದರು. ಆಯಿ ಚಹಾ ಇಡುವುದಕ್ಕೂ ಟ್ರಂಕಿನಿಂದ ಏಳಲಿಲ್ಲ. ನನ್ನ ಕೈಲೇ ಇಡಿಸಿದಳು. ಚಹಾ ಕೊಟ್ಟು ನಾನು ಖರೇ ಹೇಳಿಬಿಟ್ಟೆ. “ಆಯಿ, ಅದರಾಗ ಲಕ್ಷ್ಮೀನೂ ಇಲ್ಲ ಏನೂ ಇಲ್ಲ. ಅವತ್ತ ನಾ ಸುಳ್ಳ ಹೇಳಿದ್ದೆ.”

“ನೋಡ ತಂಗೀ,” ಆಯಿ ಅಂದಳು, “ಕೆಲಸ ಆಗಬೇಕಂದ್ರ ಹೆಂತಾ ಸುಳ್ಳ ಹೇಳ್ತಾನ.”

ದಾರಿ ತೆಗೆದವಳು ಮದುಮಗಳ ತಾಯಿಯೇ. ಚಹಾ ಕುಡಿದು ಬಟ್ಟಲು ಕೆಳಗಿಟ್ಟು ಕೇಳಿದಳು, “ಹೊರಗ ಕೊಡೂದ ಬ್ಯಾಡ. ಕಂಪ್ಯೂಟರ ಒಳಗ ಬಂದ್ರ ಏನರ ಅಡ್ಡಿ ಐತೇನ್ರಿ?”

“ಒಳಗ ಬರಾಕ ಏನಡ್ಡಿ? ಶುಕ್ರವಾರ ಬಂದ್ರ ಚೊಲೋನ ಆತು.”

ಮದುಮಗಳ ತಾಯಿಯನ್ನು ಅಲ್ಲೇ ಬಿಟ್ಟು ಅಂಗಡಿಗೆ ಹೋದೆ. ವಯರುಗಳನ್ನು ಕಿತ್ತು ಸಿಪಿಯು ಡಬ್ಬವನ್ನು ಬೈಕಿನ ಹಿಂದೆ ಹಗ್ಗದಿಂದ ಬಿಗಿದೆ. ಕೀಬೋರ್ಡನ್ನು ಹೊಟ್ಟೆಯ ಮೇಲೆ ಅಂಗಿಯೊಳಗೆ ಸಿಗಿಸಿಕೊಂಡೆ. ಮೌಸು, ಬೇಕಾದ ಎರಡು ವಯರು ಕಿಸೆಗೆ ತುರುಕಿದೆ. ಮಾನಿಟರಿಗೆ ಬೈಕಿನಲ್ಲಿ ಜಾಗವಿರಲಿಲ್ಲ. ಆಯಿಯ ಟಿವಿಗೆ ಹಾಕಿದರಾಯಿತು ಎಂದುಕೊಂಡೆ. ಅರ್ಧ ದಾರಿಯಲ್ಲಿ ಫೋನು ಬಂತು. ಚಾಚಾ ನಮಾಜು ಮುಗಿಸಿ ಬಂದಿದ್ದರು.

“ಬೇಟಾ! ಡಬ್ಬಾ ಹೋಗೇತಿ! ಬರೇ ವಯರ ಬಿಟ್ಟಾರ!”

“ನಾನ ಒಯ್ದೇನಿ ಚಾಚಾ. ಆಯಿ ಮನೀಗೆ.”

“ಯಾಕ?”

“ಇವತ್ತ ಶುಕ್ರವಾರ ಐತಲ್ರಿ.”

“ಹೌದಪಾ, ಶುಕ್ರವಾರನ ಐತಿ,” ಅಂದು ಚಾಚಾ ಫೋನು ಇಟ್ಟರು. ಅವರಿಗೆ ಏನು ತಿಳಿಯಿತೋ ನಾನು ಕೇಳಲಿಲ್ಲ.

ಹೊಸ್ತಿಲಲ್ಲಿ ಆಯಿ ನಿಲ್ಲಿಸಿ ನನ್ನ ಕಾಲಿಗೆ ನೀರು ಹಾಕಿದಳು. ಡಬ್ಬಕ್ಕೂ ಹಾಕಲು ಚೊಂಬು ಎತ್ತಿದಳು. ನಾನು ಕಿರುಚಿದೆ. ಹೋಗಲಿ ಎಂದು ಕುಂಕುಮ ಹಚ್ಚಿದಳು. ಗಾಳಿ ಹೋಗುವ ತೂತು ಬಿಟ್ಟು ಹಚ್ಚು ಎಂದರೆ, “ದೇವರಿಗೆ ಎಲ್ಲಿ ಹಚ್ಚಬೇಕಂತ ನೀ ಕಲಸ್ತಿಯೇನು?” ಎಂದಳು. ಆಮೇಲೆ ಟ್ರಂಕಿನಿಂದ ಡಿಸ್ಕ್ ತೆಗೆದು ತಾನೇ ನನ್ನ ಅಂಗೈಯಲ್ಲಿಟ್ಟಳು. ಬಾಗಿಲ ಚಿಲಕ ಮಾತ್ರ ಒಳಗಿನಿಂದ ಹಾಕಿದಳು.

ಬ್ಯಾಕಪ್ಪನ್ನು ವಾಪಸ್ ಹಾಕುವುದು ನನಗೂ ಅದೇ ಮೊದಲು. ಅಷ್ಟು ಸೋಮವಾರ ತೆಗೆದಿದ್ದೆ, ಒಂದು ಸಲವೂ ಹಾಕಿ ನೋಡಿರಲಿಲ್ಲ. ‘ಮರುಸ್ಥಾಪಿಸು’ ಎಂಬಲ್ಲಿ ಒತ್ತಿದೆ. ಟಿವಿಯ ಮೇಲೆ ಒಂದು ಗೆರೆ ಮೂಡಿತು. ಇಪ್ಪತ್ತು ನಿಮಿಷ ಎಂದಿತು. ಸ್ವಲ್ಪ ಹೊತ್ತಿಗೆ ಎರಡು ತಾಸು ಎಂದಿತು. ಮತ್ತೆ ಹತ್ತು ನಿಮಿಷ ಎಂದಿತು. ಇಬ್ಬರೂ ಚಾಪೆ ಹಾಸಿ ನೋಡುತ್ತ ಕುಳಿತರು.

“ನಿಂತತಲ್ಲೋ ಅದು?”

“ಓದಾಕತ್ತೈತ್ರಿ.”

“ನೀ ಓದಿದಂಗ ಓದಾಕತ್ತೈತೇನು?” ಆಯಿ ಕೇಳಿದಳು. ಇಬ್ಬರೂ ನಕ್ಕರು. ಮೂರಕ್ಕೆ ಆಯಿಯ ಸೀರಿಯಲ್ ಇತ್ತು. ಮೂರು ಹೊಡೆದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಮೂರೂಕಾಲಿಗೆ ಗೆರೆ ತುಂಬಿತು. ಫೋಲ್ಡರ್ ತೆರೆದೆ. ನವಿಲು ಇತ್ತು. ಎದುರುಬದುರು ಎರಡು ನವಿಲು, ನಡುವೆ ಕಳಸ, ಒಂದು ಗರಿಯೂ ಕೆಟ್ಟಿರಲಿಲ್ಲ. ಆಯಿ ಕೈಮುಗಿದಳು. ಮದುಮಗಳ ತಾಯಿ ಎದ್ದು ಟಿವಿಯ ಹತ್ತಿರ ಹೋಗಿ ಮೂಗು ಹಚ್ಚುವಷ್ಟು ಬಗ್ಗಿದಳು.

“ಗಿಣಿ ಎಲ್ಲಿ?”

ಬುಧವಾರ ಅವಳು ಅಂಗಡಿಗೆ ಬಂದಿದ್ದಳು. ಬೀಗರ ಹಿರಿಸೊಸೆಯ ಬ್ಲೌಸಿನಲ್ಲಿ ಗಿಳಿ ಇವೆ, ನನ್ನ ಮಗಳದ್ದರಲ್ಲೂ ಇರಬೇಕು ಎಂದು ಅಂಚಿಗೆ ಹನ್ನೊಂದು ಗಿಳಿ ಹಾಕಿಸಿದ್ದಳು. ಬಲತೋಳಿನಲ್ಲಿ ಹನ್ನೊಂದೂ ಇದ್ದವು.

“ಗಿಣಿ ಬುಧವಾರದ್ವುರಿ ಅಕ್ಕಾರ. ಲಕ್ಷ್ಮೀ ಸೋಮವಾರದಾಕಿ.”

“ಹಂಗಂದ್ರ?”

“ಹಂಗಂದ್ರ… ತಡೀರಿ. ಪೆನ್ ಡ್ರೈವಿನ್ಯಾಗ ಅದಾವ.”

ಕಿಸೆಯಿಂದ ಪೆನ್ ಡ್ರೈವ್ ತೆಗೆದೆ. ಬಲತೋಳನ್ನು ಹೊಲಿಸಿದ್ದು ಅದರಿಂದಲೇ. ಚುಚ್ಚಬೇಕು ಎನ್ನುವಾಗ ಮುಂಜಾನೆಯದು ನೆನಪಾಯಿತು. ಅಂಗಡಿಯಲ್ಲಿ ಇರುವುದು ಅದೊಂದೇ ಪೆನ್ ಡ್ರೈವ್. ಲಿನಕ್ಸ್ ಹತ್ತಿಸುವಾಗ ಒಳಗಿನದೆಲ್ಲ ಅಳಿಸಲೇ ಎಂದು ಅದು ಕೇಳಿತ್ತು. ಹೂಂ ಎಂದಿದ್ದೆ. ಮಷೀನು ಹಳೆಯದು, ಬಂದ್ ಮಾಡಿದರೆ ಎಲ್ಲ ಮರೆಯುತ್ತದೆ. ಕಂಪ್ಯೂಟರಿನ ಡಿಸ್ಕಿನಲ್ಲಿದ್ದ ಗಿಳಿ ತಾವೇ ಸತ್ತಿದ್ದವು. ಪೆನ್ ಡ್ರೈವಿನಲ್ಲಿ ಉಳಿದ ಹನ್ನೊಂದನ್ನು ಕೈಯಾರೆ ಕೊಂದವನು ನಾನು.

ಇದನ್ನು ಅವಳಿಗೆ ಹೇಳಲಿಲ್ಲ. “ಗಿಣಿ ಹೊಸದಾಗಿ ಬರೀತೇನ್ರಿ. ಫೋಟೋ ತೋರಸ್ರಿ,” ಎಂದೆ. ಮುಂಜಾನೆ ಅಂಗಡಿಯಲ್ಲಿ ತೆಗೆದ ಬಲತೋಳಿನ ಫೋಟೋ ಅವಳ ಫೋನಿನಲ್ಲಿತ್ತು. ಅದನ್ನು ನೋಡಿ ಟಿವಿಯ ಮೇಲೆ ಬರೆಯತೊಡಗಿದೆ. ಬೆನ್ನ ಹಿಂದೆ ಇಬ್ಬರು.

“ಇದು ಕಾಗಿ ಆತು,” ಆಯಿ ಅಂದಳು.

“ಕೊಕ್ಕ ಬಗ್ಗಸೋ ತಮ್ಮಾ.”

“ಬಗ್ಗಸಿದ್ರ ಹದ್ದ ಆಗತೈತಿ. ಹೊಟ್ಟಿ ನೋಡ ಅದರದು, ಉಪಾಸ ಬಿದ್ದಂಗ ಐತಿ. ಮದುವೀಗೆ ಹೊಂಟ ಗಿಣಿ ಹಿಂಗ ಇರ್ತೈತೇನು?”

ಹೊಟ್ಟೆ ತುಂಬಿಸಿದೆ. ಇನ್ನೂ ಅಂದಳು. ಇನ್ನೂ ತುಂಬಿಸಿದೆ. ಒಂದು ಗಿಳಿ ಒಪ್ಪಿಗೆಯಾಗುವ ಹೊತ್ತಿಗೆ ಐದು ಹೊಡೆದಿತ್ತು. ಅದನ್ನೇ ನಕಲು ಮಾಡಿ ಅಂಚಿಗೆ ಸಾಲಾಗಿ ಇಟ್ಟೆ. ದಪ್ಪ ಆಗಿದ್ದಕ್ಕೆ ಒಂಬತ್ತೇ ಹಿಡಿದವು. ಆ ಇಬ್ಬರೂ ಎಣಿಸಲಿಲ್ಲ.

ಡಬ್ಬದ ವಯರು ಕೀಳಲು ಹೋದೆ. ಆಯಿ ಬಾಗಿಲಿಗೆ ಅಡ್ಡ ನಿಂತಳು.

“ಎಲ್ಲಿ ಒಯ್ಯಾಕತ್ತೀ?”

“ಅಂಗಡೀಗೆ.”

“ಟ್ರಂಕಿನ ಲಕ್ಷ್ಮೀ ಈಗ ಅದರಾಗೂ ಬಂದಾಳೋ ಇಲ್ಲೋ?”

“ಬಂದಾಳ. ಅದು ನಕಲ ಆಯಿ.”

“ಲಕ್ಷ್ಮೀಗೆ ನಕಲ ಇರ್ತೈತೇನೋ?”

ಮದುಮಗಳ ತಾಯಿಯನ್ನು ನೋಡಿದೆ. ಅವಳೂ ತಲೆಯಾಡಿಸಿ, “ಅವರು ಹೇಳೂದು ಖರೇ ಐತಿ,” ಎಂದಳು. ಕಡೆಗೆ ತೀರ್ಮಾನ ಹೀಗಾಯಿತು. ಡಬ್ಬ ಶನಿವಾರದವರೆಗೆ ಆಯಿಯ ಮನೆಯಲ್ಲಿರಬೇಕು. ಎಡತೋಳಿನ ಚಿತ್ರವೊಂದನ್ನೇ ಪೆನ್ ಡ್ರೈವಿಗೆ ಹಾಕಿ ಒಯ್ಯಬಹುದು. “ನವಲಾ ಗಿಣಿ ಹಾರಾಡೂವು, ಅವು ಹೋಗಲಿ,” ಎಂದಳು ಆಯಿ. ಪೆನ್ ಡ್ರೈವ್ ತಿರುಗಾ ಅಳಿಸಿ, ಚಿತ್ರ ಹಾಕಿಕೊಂಡು, ದೀಪ ಹಚ್ಚುವ ಮೊದಲೇ ಹೊರಬಿದ್ದೆ. ದೀಪ ಹಚ್ಚಿದ ಮೇಲೆ ಹೊಸ ಕಾನೂನು ಬರುತ್ತಿತ್ತು.

ಸಂಜೆಯೇ ಮಷೀನು ಎಡತೋಳು ಹೊಲಿಯಿತು. ಶನಿವಾರ ಮುಂಜಾನೆ ಚಾಚಾ ಎರಡೂ ತೋಳು ಮೇಜಿನ ಮೇಲೆ ಹಾಸಿ ಬೆರಳಿಟ್ಟು ಗಿಳಿ ಎಣಿಸಿದರು. ನನ್ನ ಮುಖ ನೋಡಿದರು. ಕತ್ತರಿ ತೆಗೆದುಕೊಂಡರು.

ಬ್ಲೌಸ್ ಹಿಡಿದು ಬಸ್ಸಿನಲ್ಲಿ ಶಿಗ್ಗಾವಿಗೆ ಹೋದೆ. ಮನೆ ಮುಂದೆ ಗಾಡಿ ನಿಂತಿತ್ತು. ತಾಯಿ ಹಂಡೆ, ಕೊಡ ಏರಿಸುವವರಿಗೆ ಬೈಯುತ್ತಿದ್ದಳು. ನನ್ನನ್ನು ನೋಡಿ, “ಒಳಗ ಕೊಡೋ ತಮ್ಮಾ, ಆಕೀಗೆ ಬರೋಬ್ಬರಿ ಆಗತೈತಿಲ್ಲೋ ನೋಡಲಿ,” ಎಂದಳು. ಮದುಮಗಳನ್ನು ನಾನು ನೋಡಿದ್ದು ಆಗಲೇ. ಬ್ಲೌಸ್ ತೆಗೆದುಕೊಂಡು ಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ಅದನ್ನು ಹಾಕಿಕೊಂಡೇ ಬಾಗಿಲಿಗೆ ಬಂದಳು. ಒಂದೊಂದೇ ತೋಳು ಬೆಳಕಿಗೆ ಹಿಡಿದಳು.

“ಈ ಕಡೆ ಹನ್ನೊಂದು. ಈ ಕಡೆ ಒಂಬತ್ತು.”

“ಹೂಂರಿ.”

“ಉಳದ ಎರಡು?”

“ಎಡಗಡೇವು ದಪ್ಪ ಅದಾವ್ರಿ. ತೂಕ ಮಾಡಿದ್ರ ಎರಡೂ ಕಡೆ ಸರಿ ಬರ್ತೈತಿ.”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ನನಗೆ ಹೆದರಿಕೆಯಾಯಿತು. ನಗುತ್ತಿದ್ದಳು. ಅಂಗಳದ ಕಡೆ ಒಮ್ಮೆ ನೋಡಿ ದನಿ ಇಳಿಸಿದಳು.

“ಅವ್ವಗ ಹೇಳಬ್ಯಾಡ್ರಿ. ನನಗ ಒಂದೂ ಗಿಣಿ ಬ್ಯಾಡಾಗಿತ್ತು. ಎರಡರ ಕಡಿಮಿ ಆದ್ವಲ್ಲ.”

ಆ ಬ್ಲೌಸಿನಲ್ಲೇ ಗಾಡಿ ಹತ್ತಿದಳು. ಮದುವೆಗೆಂದು ಹೊಲಿಸಿದ್ದನ್ನು ಈಗಲೇ ಯಾಕೆ ಹಾಕಿಕೊಂಡಿ ಎಂದು ತಾಯಿ ಬೈದಳು. ಗಾಡಿ ಹೋಯಿತು. ಇಷ್ಟೇ. ಇದರ ಮೇಲೆ ಹೇಳುವುದು ನನ್ನ ಹತ್ತಿರ ಏನೂ ಇಲ್ಲ.